ವಿನ್ನಿಪೆಗ್‌ಗೆ ಡಿಸೆಂಬರಲ್ಲಿ ಬೇಡ ದೊಡ್ಡಪ್ಪ

ದೊಡ್ಡಪ್ಪಾ, ನಾನು. ಟೈಪ್ ಮಾಡೋಣ ಅಂತ ಕೂತೆ, ಮುಗಿಯೋ ಮಾತಲ್ಲ ಇದು, ಅದಕ್ಕೇ ಮಾತಾಡೇ ಕಳಿಸ್ತಿದೀನಿ. ಮಗಳನ್ನ ಸ್ಕೇಟಿಂಗ್ ಕ್ಲಾಸಿಗೆ ಬಿಟ್ಟು ಕಾರಲ್ಲಿ ಕಾಯ್ತಾ ಇದೀನಿ. ಮಾರ್ಚ್ ಬಂತು, ಹೊರಗೆ ಇನ್ನೂ ಮೈನಸ್ 18. ಹಿಂದೆ ಗುಂಯ್ ಅಂತ ಕೇಳಿಸ್ತಿರೋದು ಹೀಟರು.

ನೀವೂ ದೊಡ್ಡಮ್ಮನೂ ಡಿಸೆಂಬರಲ್ಲಿ ಕೆನಡಾಗೆ, ಇಲ್ಲಿ ವಿನ್ನಿಪೆಗ್‌ಗೆ ಬರ್ತೀವಿ, ಹಿಮ ನೋಡ್ಬೇಕು ಅಂತ ಮನೆ ಗ್ರೂಪಲ್ಲಿ ಹಾಕಿದ್ರಿ. ಅದರ ಕೆಳಗೇ ಅಣ್ಣ ಹದಿನಾಲ್ಕು ದಿನದ ಪ್ಲ್ಯಾನ್ ಹಾಕಿದಾನೆ: ಟೊರಾಂಟೊ, ನಯಾಗರಾ, ವಿನ್ನಿಪೆಗ್ ಎರಡು ದಿನ, ಆಮೇಲೆ ಬ್ಯಾನ್ಫ್, ವ್ಯಾಂಕೂವರ್. ಅಣ್ಣಾ, ಬೇಜಾರು ಮಾಡ್ಕೋಬೇಡ, ನೀನು ಮ್ಯಾಪಲ್ಲಿ ಗೇಣು ಹಾಕಿ ಅಳೆದಿದೀಯ ಅನ್ಸತ್ತೆ. ಇಲ್ಲಿಂದ ಟೊರಾಂಟೊ ರಸ್ತೆ ಮೇಲೆ ಹತ್ತತ್ರ 2,200 ಕಿಲೋಮೀಟರು. ಬೆಂಗಳೂರಿಂದ ದಿಲ್ಲಿಗೆ ಹೋದ ಹಾಗೆ. ಇನ್ನೊಂದು ಕಡೆ ಕ್ಯಾಲ್ಗರಿ 1,300ರ ಮೇಲೆ, ಬ್ಯಾನ್ಫ್ ಅದರಾಚೆ. ಪಕ್ಕದೂರಿಗೆ ಹೋಗಿ ಸಂಜೆ ಬರೋ ಲೆಕ್ಕ ಅಲ್ಲ. ದೊಡ್ಡಮ್ಮನ ಮಂಡಿ ಇಟ್ಕೊಂಡು ಐದು ಏರ್‌ಪೋರ್ಟು ಹತ್ತಿಳಿಯೋದು ಯಾವ ಸುಖಕ್ಕೆ? ಹೋಗ್ತಾನೋ ಬರ್ತಾನೋ ಟೊರಾಂಟೊದಲ್ಲಿ ಎರಡು ದಿನ ಉಳಿದು ನಯಾಗರಾ ನೋಡ್ಕೊಳ್ಳಿ, ಉಳಿದಿದ್ದೆಲ್ಲ ನಮ್ಮನೇಲಿ ಇರಿ. ಇದು ನನ್ನ ಸ್ವಾರ್ಥ, ಒಪ್ಕೋತೀನಿ.

ಈಗ ಡಿಸೆಂಬರ್ ವಿಷಯ. ಬೆಳಿಗ್ಗೆ ಎಂಟೂವರೆ ಹತ್ತಿರ ಬೆಳಕಾಗತ್ತೆ, ಸಂಜೆ ನಾಲ್ಕೂವರೆಗೆ ಕತ್ತಲು. ನೀವು ಜೆಟ್‌ಲ್ಯಾಗಲ್ಲಿ ಮಧ್ಯಾಹ್ನ ಎದ್ದು ಕಾಫಿ ಕುಡಿಯೋಷ್ಟರಲ್ಲಿ ದಿನವೇ ಮುಗಿದಿರತ್ತೆ. ರಾತ್ರಿ ಕಾರಿನ ಎಂಜಿನ್ನಿಗೆ ಕರೆಂಟಿನ ವೈರು ಸಿಗಿಸಿ ಮಲಗಿಸ್ತೀವಿ, ಬೆಳಿಗ್ಗೆ ಸ್ಟಾರ್ಟ್ ಆಗ್ಲಿ ಅಂತ. ಉಸಿರು ಎಳೆದ್ರೆ ಮೂಗಿನ ಕೂದಲು ಗರಿಗರಿ ಆಗತ್ತೆ, ನಿಜವಾಗ್ಲೂ. ಹಿಮದ ಅಡಿ ಗಾಜಿನಂಥ ಐಸ್ ಕೂತಿರತ್ತೆ, ಕಾಲಿಟ್ಟು ಜಾರಿದ್ಮೇಲೇ ಗೊತ್ತಾಗೋದು. ಇನ್ನೊಂದು ಗುಟ್ಟು ಹೇಳ್ಲಾ? ಮೈನಸ್ 25ರಲ್ಲಿ ಹಿಮದ ಗೊಂಬೆ ಮಾಡೋಕೇ ಆಗಲ್ಲ. ಹಿಮ ಒಣಗಿದ ಅಕ್ಕಿಹಿಟ್ಟಿನ ಹಾಗಿರತ್ತೆ, ಉಂಡೆ ಕಟ್ಟಿದ್ರೆ ಬೆರಳ ಸಂದಿಂದ ಉದುರಿಹೋಗತ್ತೆ. ನಾನು ಬಂದ ಮೊದಲ ವರ್ಷ ಗೊಂಬೆ ಮಾಡ್ತೀನಿ ಅಂತ ಹಿತ್ತಲಿಗೆ ಹೋಗಿ, ಐದು ನಿಮಿಷದಲ್ಲಿ ಅಳ್ತಾ ಒಳಗೆ ಬಂದಿದ್ದೆ.

ಹಿಮ ನೋಡ್ಲೇಬೇಕು ಅಂತ ಹಟ ಇದ್ರೆ ಫೆಬ್ರವರಿ ನಡುವೆ ಬನ್ನಿ. ಚಳಿ ಆಗ್ಲೂ ಇರತ್ತೆ, ಆದ್ರೆ ಬಿಸಿಲು ಕಣ್ಣು ಕೋರೈಸೋ ಹಾಗಿರತ್ತೆ, ಹಗಲು ಉದ್ದ ಆಗಿರತ್ತೆ. ನದಿ ಹೆಪ್ಪುಗಟ್ಟಿ, ಅದರ ಮೇಲೇ ದಾರಿ ಮಾಡಿ, ಜನ ಸ್ಕೇಟಿಂಗ್ ಮಾಡ್ಕೊಂಡು ಹೋಗ್ತಿರ್ತಾರೆ. ಸೇಂಟ್ ಬೋನಿಫೇಸ್ ಅನ್ನೋ ಫ್ರೆಂಚ್ ಮಾತಾಡೋ ಭಾಗದಲ್ಲಿ ಫೆಸ್ಟಿವಲ್ ಡು ವಾಯಜರ್ ಅಂತ ಚಳಿಗಾಲದ ಜಾತ್ರೆ ಆಗತ್ತೆ, ಹಿಮದಲ್ಲಿ ದೊಡ್ಡ ದೊಡ್ಡ ಶಿಲ್ಪ ಕೆತ್ತಿರ್ತಾರೆ.

ಆದ್ರೆ ನನ್ನ ಕೇಳಿದ್ರೆ ಸೆಪ್ಟೆಂಬರ್. ಜೂನ್, ಜುಲೈಯಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರತ್ತೆ, ಚೆಂದವೇ. ಜುಲೈಯಲ್ಲಿ ಕನೋಲ, ಅಂದ್ರೆ ಸಾಸಿವೆ ಜಾತಿಯ ಎಣ್ಣೆಬೀಜ, ಅದರ ಹೊಲ ಹೂಬಿಟ್ರೆ ನಮ್ಮೂರ ಕಡೆ ಹುಚ್ಚೆಳ್ಳು ಹೂಬಿಟ್ಟ ಹಾಗೇ, ಆದ್ರೆ ಆ ಹಳದಿಗೆ ಬದುವೇ ಕಾಣಲ್ಲ. ಹಂಗಂತ ಆಗ ಸೊಳ್ಳೆಗಳು ನಮ್ಮನ್ನ ಎತ್ಕೊಂಡು ಹೋಗೋ ಹಾಗಿರ್ತವೆ. ಈ ಊರಿಗೆ ಆ ಹೆಸರೇ ಇದೆ. ಸೆಪ್ಟೆಂಬರಿಗೆ ಅವುಗಳ ಕಾಟ ಇಳಿದಿರತ್ತೆ, ಎಲೆ ಹಳದಿ ತಿರುಗಿರತ್ತೆ, ಸ್ವೆಟರ್ ಒಂದಿದ್ರೆ ಓಡಾಡಬಹುದು. ಸಂಜೆ ಫೋರ್ಟ್‌ವೈಟ್ ಕೆರೆಗೆ ಹೆಬ್ಬಾತುಗಳು ಬಂದಿಳಿಯೋದು ನೋಡ್ಬೇಕು, ದಕ್ಷಿಣಕ್ಕೆ ಹೊರಟವು ರಾತ್ರಿ ತಂಗೋಕೆ ಇಳೀತವೆ. ಸಾವಿರಾರು, ಒಟ್ಟಿಗೆ ಕೂಗ್ತಾ. ದೊಡ್ಡಮ್ಮ ಬೆಂಚಿನ ಮೇಲೆ ಕೂತೇ ನೋಡಬಹುದು.

ಏನಿದೆ ಅಲ್ಲಿ ನೋಡೋಕೆ ಅಂತ ಕೇಳಿದ್ರಲ್ಲ ದೊಡ್ಡಪ್ಪ, ನೀರಾವರಿ ಇಲಾಖೇಲಿ ಅಷ್ಟು ವರ್ಷ ಇದ್ದವರು ನೀವು, ನಿಮಗೋಸ್ಕರವೇ ಮಾಡಿದಂಥ ಊರಿದು. ಇಲ್ಲಿ ರೆಡ್ ರಿವರ್ ಉತ್ತರಕ್ಕೆ ಹರಿಯತ್ತೆ. ಅಮೆರಿಕದ ಕಡೆಯಿಂದ ಬರೋದು. ವಸಂತದಲ್ಲಿ ದಕ್ಷಿಣದ ಹಿಮ ಮೊದಲು ಕರಗತ್ತೆ, ನೀರು ಉತ್ತರಕ್ಕೆ ನುಗ್ಗತ್ತೆ, ಅಲ್ಲಿ ನದಿ ಇನ್ನೂ ಐಸ್ ಕಟ್ಟಿ ಬಾಗಿಲು ಹಾಕ್ಕೊಂಡು ಕೂತಿರತ್ತೆ. ನೆಲ ನೋಡಿದ್ರೆ ರೊಟ್ಟಿ ತಟ್ಟಿದ ಹಾಗೆ ಸಪಾಟು, ಹಿಮಯುಗದ ಅಗಸಿ ಅನ್ನೋ ಮಹಾಸರೋವರದ ತಳ ಅದು. ಮಣ್ಣು ನಮ್ಮ ಎರೆಮಣ್ಣಿನ ತಂಗಿ, ಮಳೆ ಬಂದ್ರೆ ಚಪ್ಪಲಿ ಬಿಡಲ್ಲ. ಹಂಗಾಗಿ ಏರಿದ ನೀರಿಗೆ ಹೋಗೋಕೆ ಜಾಗವೇ ಇಲ್ಲ, ಊರೆಲ್ಲ ಹರಡ್ಕೊಳ್ಳತ್ತೆ. 1950ರಲ್ಲಿ ಪ್ರವಾಹ ಬಂದು ಲಕ್ಷದಷ್ಟು ಜನ ಊರು ಬಿಟ್ಟಿದ್ರು. ಆಮೇಲೆ ಡಫ್ ರಾಬ್ಲಿನ್ ಅಂತ ಪ್ರಾಂತ್ಯದ ಪ್ರೀಮಿಯರ್, ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಊರನ್ನ ಸುತ್ತುಹಾಕಿ 47 ಕಿಲೋಮೀಟರ್ ಕಾಲುವೆ ತೋಡಿಸಿದ. 1962ರಿಂದ 1968. ದುಡ್ಡು ದಂಡ ಅಂತ ಜನ ಆಡ್ಕೊಂಡು ‘ಡಫ್ಸ್ ಡಿಚ್’, ಡಫ್ಫನ ಚರಂಡಿ ಅಂತ ಹೆಸರಿಟ್ರು. 1997ರಲ್ಲಿ ಮತ್ತೆ ಮಹಾಪ್ರವಾಹ ಬಂದಾಗ ಊರು ಉಳಿಸಿದ್ದು ಅದೇ ಚರಂಡಿ. ಅಡ್ಡಹೆಸರು ಈಗ್ಲೂ ಇದೆ, ಪ್ರೀತಿಯಿಂದ ಕರೀತಾರೆ.

ಊರ ದಕ್ಷಿಣದಲ್ಲಿ ಅದರ ಗೇಟು ಇದೆ, ತೋರಿಸ್ತೀನಿ. ಉತ್ತರಕ್ಕೆ ಲಾಕ್‌ಪೋರ್ಟಲ್ಲಿ ಕಾಲುವೆ ನದಿಗೆ ಸೇರತ್ತೆ. ಅಲ್ಲೇ 1910ರ ಒಂದು ಅಣೆಕಟ್ಟು ಇದೆ, ಗೇಟಿನ ಬದಲು ಪರದೆ ಥರ ಸುತ್ತಿ ಎತ್ತೋ ವ್ಯವಸ್ಥೆ. ನೀವು ಅಲ್ಲಿಂದ ಕದಲಲ್ಲ ಅಂತ ನಂಗೊತ್ತು. ಅಷ್ಟೊತ್ತು ದೊಡ್ಡಮ್ಮಂಗೆ ಹೆಜ್ಜಾರ್ಲೆ ತೋರಿಸ್ತೀನಿ, ಕಟ್ಟೆ ಕೆಳಗೆ ಮೀನಿಗೆ ಕಾಯ್ತಾ ನಿಂತಿರ್ತವೆ. ಕೊಕ್ಕರೆ ಬೆಳ್ಳೂರಿನವಕ್ಕೆ ದೂರದ ನೆಂಟರು, ಬಣ್ಣ ಮಾತ್ರ ಬೆಳ್ಳಗೆ. ಇನ್ನೊಂದು ದಿನ ಗಿಮ್ಲಿಗೆ ಹೋಗಿ ವಿನ್ನಿಪೆಗ್ ಸರೋವರ ನೋಡಿ ಬರೋಣ. ಕರ್ನಾಟಕದ ಎಂಟರಲ್ಲೊಂದು ಪಾಲಿನಷ್ಟು ನೀರು, ಆಚೆ ದಡ ಕಾಣಲ್ಲ, ಬಾಯಿಗಿಟ್ರೆ ಉಪ್ಪಿಲ್ಲ.

ಊರೊಳಗೆ ಫೋರ್ಕ್ಸ್ ಅಂತ ಜಾಗ, ರೆಡ್ ಮತ್ತೆ ಅಸಿನಿಬೊಯಿನ್ ಎರಡೂ ಸೇರೋ ಸಂಗಮ. ಪಕ್ಕದಲ್ಲೇ ಮಾನವ ಹಕ್ಕುಗಳ ಮ್ಯೂಸಿಯಂ, 2014ರಲ್ಲಿ ತೆರೆದಿದ್ದು; ಅಲ್ಲೇ ಹತ್ತಿರ ಗಾಂಧಿ ಪ್ರತಿಮೆ ಇದೆ, ನಿಮ್ಮ ಫೋಟೋ ಅಲ್ಲಿ ಖಾಯಂ. ಮ್ಯೂಸಿಯಂ ಒಳಗೆ ಇಳಿಜಾರು ದಾರಿ ಉದ್ದ ಇದೆ ಆದ್ರೆ ಲಿಫ್ಟೂ ಇದೆ. ವಿಧಾನಸಭೆ ಕಟ್ಟಡದ ಗೋಡೆ ಕಲ್ಲಲ್ಲಿ ಪುರಾತನ ಸಮುದ್ರದ ಜೀವಿಗಳ ಅಚ್ಚು ಹಂಗೇ ಕೂತಿದೆ, ಬೆರಳಿಟ್ಟು ನೋಡಬಹುದು. ಮೃಗಾಲಯದಲ್ಲಿ ಹಿಮಕರಡಿಗಳು ನಮ್ಮ ತಲೆ ಮೇಲೆ ಗಾಜಿನಾಚೆ ಈಜ್ತವೆ. ಇಷ್ಟು ಸಾಕು, ಉಳಿದಿದ್ದು ಬಂದ್ಮೇಲೆ.

ವೀಸಾ. ಯಾರೋ ಸೂಪರ್ ವೀಸಾ ಅಂದ್ರಂತೆ, ಅದು ಅಪ್ಪ-ಅಮ್ಮ, ಅಜ್ಜ-ಅಜ್ಜಿಗೆ ಮಾತ್ರ. ನಾನು ತಮ್ಮನ ಮಗಳು, ಸಾಮಾನ್ಯ ವಿಸಿಟರ್ ವೀಸಾನೇ ಗತಿ. ನಾನು ಆಹ್ವಾನ ಪತ್ರ ಬರೀತೀನಿ, ನೀವು ಪೆನ್ಶನ್ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ತೋಟದ ದಾಖಲೆ ಜೋಡಿಸಿಡಿ. ಬೆಂಗಳೂರಿಗೆ ಒಂದ್ಸಲ ಹೋಗಿ ಬೆರಳಚ್ಚು ಕೊಡ್ಬೇಕು. ಸೆಪ್ಟೆಂಬರಿಗೆ ಬರೋದಾದ್ರೆ ಈಗ್ಲೇ ಶುರು ಮಾಡೋಣ.

ಇನ್ಶೂರೆನ್ಸ್ ಮಾತ್ರ ತಮಾಷೆ ಅಲ್ಲ. ಇಲ್ಲಿನ ಸರ್ಕಾರಿ ಆಸ್ಪತ್ರೆ ಸೌಲಭ್ಯ ಪ್ರವಾಸಿಗರಿಗಿಲ್ಲ. ನಮ್ಮ ಪರಿಚಯದವರೊಬ್ಬರ ಅಪ್ಪ, ಬರೋಕೆ ತಿಂಗಳ ಮುಂಚೆ ಬಿಪಿ ಮಾತ್ರೆ ಡೋಸ್ ಬದಲಾಯಿಸಿದ್ರು. ಇಲ್ಲಿ ಎದೆನೋವು ಅಂತ ಅಡ್ಮಿಟ್ ಆದ್ರೆ, ಆರೋಗ್ಯ ಸ್ಥಿರವಾಗಿರಲಿಲ್ಲ ಅಂತ ಕ್ಲೇಮು ತಳ್ಳಿಹಾಕಿದ್ರು. ಬಿಲ್ಲು ಕಟ್ಟಿ ಮುಗಿಸೋಕೆ ಮಗನಿಗೆ ಎರಡು ವರ್ಷ ಆಯ್ತು. ದೊಡ್ಡಮ್ಮನ ಶುಗರ್ ಮಾತ್ರೆ ಬದಲಾಗೋದಿದ್ರೆ ಈಗ್ಲೇ ಡಾಕ್ಟರ ಹತ್ರ ಮಾತಾಡಿ, ಹೊರಡೋ ಹೊತ್ತಲ್ಲಿ ಬೇಡ. ಹಂಗಂತ ಬೇಕಾದ ಔಷಧಿ ತಡೆಹಿಡೀಬೇಡಿ ಮತ್ತೆ!

ದೊಡ್ಡಮ್ಮಾ, ತಿನ್ನೋಕೆ ಏನೇನು ತರ್ಲಿ ಅಂತ ಕೇಳಿದ್ರಲ್ಲ. ಚಟ್ನಿಪುಡಿ, ಹುಳಿಪುಡಿ, ಹಪ್ಪಳ ಧಾರಾಳವಾಗಿ ತನ್ನಿ. ರಾಗಿಹಿಟ್ಟು ಇಲ್ಲೇ ಸಿಗತ್ತೆ, ಹೊರೋದು ಬೇಡ. ಅವರೆ ಬೀಜ, ಕರಿಬೇವಿನ ಗಿಡ, ತಾಜಾ ಹಣ್ಣು ಮುಟ್ಟಬೇಡಿ. ಟೊರಾಂಟೊದಲ್ಲಿ ಇಳಿದಾಗ ತಿನ್ನೋ ಪದಾರ್ಥ ಇದೆಯಾ ಅಂತ ಕೇಳಿದ್ರೆ ‘ಇದೆ’ ಅನ್ನಿ, ಮುಚ್ಚಿಟ್ರೇ ಕಷ್ಟ. ಇಮಿಗ್ರೇಷನ್ ಅಲ್ಲೇ ಆಗತ್ತೆ, ಲಗೇಜ್ ಅಲ್ಲೇ ತಗೊಂಡು ಮತ್ತೆ ಕೊಡ್ಬೇಕಾಗಬಹುದು, ಹಂಗಾಗಿ ಮುಂದಿನ ವಿಮಾನಕ್ಕೆ ಮೂರು ಗಂಟೆಗಿಂತ ಕಮ್ಮಿ ಅಂತರ ಇರೋ ಟಿಕೆಟ್ ಅಣ್ಣ ತಗೋಬಾರ್ದು. ವೀಲ್‌ಚೇರ್ ಟಿಕೆಟ್ ಜೊತೆಗೇ ಹೇಳ್ಬಿಡಿ, ನಾಚ್ಕೋಬೇಡಿ. ಜಾಕೆಟ್ ಬೆಂಗಳೂರಲ್ಲಿ ಕೊಳ್ಳಬೇಡಿ, ನನ್ನ ಹತ್ರ ಇದಾವೆ.

ಒಂದೇ ತೊಡಕು ದೊಡ್ಡಪ್ಪ, ತಾತನ ಪಕ್ಷ. ಸೆಪ್ಟೆಂಬರ್ ಹೊತ್ತಿಗೇ ಬರಬಹುದು. ಮುಗಿಸ್ಕೊಂಡೇ ಹೊರಡ್ತೀರೋ, ಇಲ್ಲೇ ಎಡೆ ಇಡ್ತೀರೋ ನೀವೇ ಹೇಳ್ಬೇಕು. ಕಾಗೆ ಇಲ್ಲೂ ಇದಾವೆ, ನಿಮ್ಮಾಣೆ; ಆದ್ರೆ ಚಳಿ ಬಂದ್ರೆ ಅವೂ ಬಹುಪಾಲು ದಕ್ಷಿಣಕ್ಕೆ ಹೊರಟುಬಿಡ್ತವೆ, ಹೆಚ್ಚು ತಡ ಮಾಡೋ ಹಾಗಿಲ್ಲ. ಪಂಚಾಂಗ ನೋಡಿ ತಾರೀಖು ಹೇಳಿ, ನಾನು ಆಫೀಸಲ್ಲಿ ರಜಾ ಕೇಳ್ತೀನಿ. ಇವಳು ಬಂದ್ಲು, ಕೈಗವಸು ಒಂದೇ ಇದೆ, ಇನ್ನೊಂದು ಎಲ್ಲಿ ಬಿಟ್ಲೋ. ಇಡ್ತೀನಿ.