ಸೊಸೈಟಿ ಇಲ್ಲದ ಜಾಗ ಗೋವಾದ ಕಡಲ ಹತ್ರ ಸಿಗತೈತೇನ್ರಿ?

ಪ್ರಶ್ನೆ (ವಾಸ್ಕೋದಿಂದ, ಮೂಲ ಗದಗ)

ನಮಸ್ಕಾರ್ರಿ ಮೇಡಮ್. ನಾವು ಇಬ್ಬರು ಅಣ್ತಮ್ಮಂದಿರು, ಅವ್ವ, ಹೆಂಡ್ರು ಮಕ್ಳು ಎಲ್ಲಾ ಕೂಡಿ ವಾಸ್ಕೋದಾಗ ಒಂದು ಫ್ಲ್ಯಾಟಿನಾಗ ಇದ್ದೀವ್ರಿ. ಅವ್ವ ಜೋಳದ ರೊಟ್ಟಿ ಬಡದು ಎರಡು ಕ್ಯಾಂಟೀನಿಗೆ ಕೊಡ್ತಾಳ್ರಿ, ಮನಿ ನಡಿಯೂದ್ರಾಗ ಅದರದೂ ಪಾಲೈತಿ. ಸೊಸೈಟಿಯವ್ರು ರೊಟ್ಟಿ ಬಡಿಯೂ ಸಪ್ಪಳ ಬ್ಯಾಡ, ಟೆರೇಸ್ ಮ್ಯಾಲ ಹಪ್ಪಳ ಒಣಗಸಬ್ಯಾಡ್ರಿ, ಹಿಟ್ಟಿನ ಟೆಂಪೋ ಒಳಗ ತರಬ್ಯಾಡ್ರಿ ಅಂತ ನೋಟಿಸ್ ಕೊಟ್ಟಾರ. ಫ್ಲ್ಯಾಟ್ ಮಾರಿ ಕಾಣಕೋಣದ ಕಡೆ ಕಡಲ ಹತ್ರ ಜಾಗ ತಗೊಂಡು ಸ್ವಂತ ಮನಿ ಕಟ್ಟೂ ವಿಚಾರೈತ್ರಿ. ದಲಾಲ ಎರಡು ಜಾಗ ತೋರಿಸ್ಯಾನ. ಒಂದು, ಗೇಟ್ ಹಾಕಿದ ಲೇಔಟಿನ ಪ್ಲಾಟು. ಇನ್ನೊಂದು ಬಿಡಿ ಜಾಗ, ನದಿ ದಂಡಿಗೆ ಐತಿ, ತೆಂಗಿನ ಗಿಡ ಅದಾವು, ಮೂಲ್ಯಾಗ ಒಂದು ಹಳೇ ಮನಿ ಐತಿ, ಅದರಾಗ ಯಾರೋ ಇದ್ದಾರ. ಯಾವ ಸೊಸೈಟಿ ಕಾಟನೂ ಇರಬಾರದು. ಯಾವುದು ತಗೋಬೇಕ್ರಿ?

ಉತ್ತರ (ವಕೀಲೆ, ಮಡಗಾಂವ)

ನಮಸ್ಕಾರ. ನೀವು ಬರೆದದ್ದು ಓದಿದರೆ ಎರಡೂ ಜಾಗ ಬೇಡ ಅಂತಲೇ ನನ್ನ ಸಲಹೆ. ನಿಮ್ಮ ತಾಯಿಯ ದುಡಿಮೆಗೆ ಅಡ್ಡಿ ಬರದ ಮನೆ ಬೇಕು ಅನ್ನುವುದು ತುಂಬಾ ನ್ಯಾಯದ ಆಸೆ, ಅದು ಗೋವಾದಲ್ಲಿ ಖಂಡಿತ ಸಾಧ್ಯ. ಆದರೆ ಕಡಲ ದಂಡೆಯಲ್ಲಿ ಸೊಸೈಟಿಗಿಂತ ಬಿಗಿಯಾದ ಕಟ್ಟುಪಾಡು ಎರಡಿವೆ: ಒಂದು ಸರ್ಕಾರದ್ದು, ಇನ್ನೊಂದು ಆ ನೆಲದ ಮೇಲೆ ಬೇರೆಯವರಿಗೆ ಇರುವ ಹಳೆಯ ಹಕ್ಕುಗಳದ್ದು. ಸೊಸೈಟಿಯ ಜೊತೆ ಸಭೆಯಲ್ಲಿ ವಾದ ಮಾಡಬಹುದು. ಇವುಗಳ ಜೊತೆ ಹಾಗಾಗುವುದಿಲ್ಲ.

ಮೊದಲು ನದಿ ದಂಡೆಯ ಜಾಗ. ಸಿಆರ್‌ಝಡ್, ಅಂದರೆ ಕಟ್ಟಡಗಳಿಗೆ ಕೇಂದ್ರ ಸರ್ಕಾರ ಮಿತಿ ಹಾಕಿದ ಕರಾವಳಿ ನಿಯಂತ್ರಣ ವಲಯ, ಸಮುದ್ರದ ಎದುರು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಉಬ್ಬರದ ನೀರು ಏರಿ ಬರುವ ನದಿ, ಹಿನ್ನೀರು, ಖಾಡಿ ಎಲ್ಲವೂ ಅದರೊಳಗೆ ಬರುತ್ತವೆ. ಬೇಸಿಗೆಯಲ್ಲಿ ನೀರಿನಲ್ಲಿ ಸಾವಿರಕ್ಕೆ 5 ಪಾಲು ಉಪ್ಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೂ ಲೆಕ್ಕ. ಸಾಳ, ತಳಪೋಣ, ಗಾಲ್ಜಿಬಾಗ್ ನದಿಗಳ ಕೆಳಭಾಗ ಇಂಥವು. 2011ರ ಅಧಿಸೂಚನೆಯ ಪ್ರಕಾರ ಹಳ್ಳಿಗಳಲ್ಲಿ ಇಂಥ ನದಿಯ ಉಬ್ಬರದ ಗೆರೆಯಿಂದ 100 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರ ಹೊಸ ಮನೆ ಕಟ್ಟುವ ಹಾಗಿಲ್ಲ. ನದಿ 60 ಮೀಟರ್ ಅಗಲ ಇದ್ದರೆ 60 ಮೀಟರ್ ಬಿಡಬೇಕು. ದಂಡೆಗೇ ಇರುವ ಜಾಗದಲ್ಲಿ ಅಷ್ಟು ಬಿಟ್ಟ ಮೇಲೆ ಎಷ್ಟು ಉಳಿಯುತ್ತದೆ, ಅಳೆದು ನೋಡಿ.

ಸಮುದ್ರದ ಕಡೆಗಾದರೆ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಸಿಆರ್‌ಝಡ್. ಹಳ್ಳಿಗಳಲ್ಲಿ ಮೊದಲ 200 ಮೀಟರ್‌ನಲ್ಲಿ ಹೊರಗಿನಿಂದ ಬಂದವರಿಗೆ ಹೊಸ ಮನೆಯೇ ಇಲ್ಲ. ಮೊದಲಿಂದ ಇದ್ದ ಅಧಿಕೃತ ಮನೆಯನ್ನು ಅದೇ ಅಳತೆಯಲ್ಲಿ ದುರಸ್ತಿ ಮಾಡಬಹುದು, ಅಷ್ಟೇ. 200ರಿಂದ 500ರ ನಡುವೆ ಮನೆಗೆ ಅವಕಾಶ ಇದೆ. ಅದು ಮೀನುಗಾರರ ಹಳ್ಳಿ, ಹಳೆಯ ಊರುಮಧ್ಯ ಇಂಥ ಕಡೆ ಸಂಪ್ರದಾಯದ ಹಕ್ಕಿನ ಮಿತಿಯಲ್ಲಿ, ಅದೂ ನೆಲ ಮತ್ತು ಒಂದು ಮಹಡಿ, ಒಟ್ಟು ಎತ್ತರ 9 ಮೀಟರ್. ಹೊರಗಿನಿಂದ ಬಂದು ಜಾಗ ಕೊಂಡವರಿಗೆ ಇದರಲ್ಲಿ ಪರವಾನಗಿ ಸಿಗುತ್ತದೆಂದು ನಂಬಿ ಕೂಡಿಟ್ಟ ಹಣ ಹಾಕಬೇಡಿ. ಆಗೋಂದ, ಗಾಲ್ಜಿಬಾಗ್‌ಗಳಲ್ಲಿ ಆಮೆ ಮೊಟ್ಟೆ ಇಡುವ ದಂಡೆಗಳಿವೆ, ಅಲ್ಲಿ ಇನ್ನೂ ಬಿಗಿ. ಅದು ಹಾಗೇ ಇರಬೇಕು ಎನ್ನುವವಳು ನಾನು.

ಈಗ ಆ ಹಳೇ ಮನೆಯಲ್ಲಿ ಇರುವವರ ವಿಷಯ. ಇದೇ ದೊಡ್ಡದು. ಅವರು ಮುಂಡಕಾರರು ಆಗಿರಬಹುದು, ಅಂದರೆ ಭಾಟಕಾರರ (ಜಮೀನಿನ ಒಡೆಯರ) ಜಾಗದಲ್ಲಿ ಮನೆ ಮಾಡಿಕೊಂಡು ನೆಲೆಸಿದವರು. 1975ರ ಗೋವಾ ಮುಂಡಕಾರ ಕಾಯ್ದೆ ಅವರನ್ನು ಒಕ್ಕಲೆಬ್ಬಿಸದಂತೆ ಕಾಪಾಡುತ್ತದೆ, ಆ ಮನೆಯನ್ನೂ ಸುತ್ತಲಿನ ಸ್ವಲ್ಪ ಜಾಗವನ್ನೂ ಕೊಳ್ಳುವ ಹಕ್ಕನ್ನು ಅವರಿಗೇ ಕೊಡುತ್ತದೆ. “ಮಾರಿದ ಮೇಲೆ ಬಿಡಿಸಿ ಕೊಡ್ತೀನಿ” ಅನ್ನುವ ದಲಾಲನ ಮಾತಿಗೆ ಬೆಲೆ ಇಲ್ಲ. ಅವರೂ ನಿಮ್ಮ ಹಾಗೆ ಒಂದು ಮನೆ ಕಾಪಾಡಿಕೊಳ್ಳುತ್ತಿರುವ ಕುಟುಂಬ.

ಮರುಪ್ರಶ್ನೆ (ಅದೇ ವಾಸ್ಕೋದವರು)

ಬಾಳ ಉಪಕಾರ ಆತ್ರಿ ಮೇಡಮ್. ದಲಾಲ ಮಾತ್ರ “2019ರ ಹೊಸ ಕಾನೂನು ಬಂದೈತಿ, ಈಗ 50 ಮೀಟರ್ ಬಿಟ್ರ ಸಾಕು” ಅಂತಾನ್ರಿ. ಖರೇನ?

ಉತ್ತರ

ಅರ್ಧ ಖರೆ. 2019ರ ಜನವರಿಯ ಅಧಿಸೂಚನೆಯಲ್ಲಿ 50 ಮೀಟರ್ ಅಂತ ಇದೆ. ಸಮುದ್ರದ ಕಡೆ ಅದು 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ಮಾತ್ರ, ಉಳಿದ ಕಡೆ ಅದೇ 200 ಮೀಟರ್. ಇನ್ನೊಂದು, ಆ ಅಧಿಸೂಚನೆಗೆ ತಕ್ಕ ಕರಾವಳಿ ನಕ್ಷೆ ಕೇಂದ್ರದಿಂದ ಒಪ್ಪಿಗೆ ಪಡೆಯುವ ತನಕ 2011ರದ್ದೇ ನಡೆಯುತ್ತದೆ. ಆದ್ದರಿಂದ ದಲಾಲನ ಬಾಯಿಮಾತು ಬಿಟ್ಟು, ನಿಮ್ಮ ಸರ್ವೆ ನಂಬರ್ ಕರಾವಳಿ ನಕ್ಷೆಯ ಯಾವ ಗೆರೆಯೊಳಗೆ ಬೀಳುತ್ತದೆ ಅಂತ ಗೋವಾ ಕರಾವಳಿ ವಲಯ ಪ್ರಾಧಿಕಾರದಲ್ಲಿ ಬರಹದಲ್ಲಿ ಕೇಳಿ.

ಪ್ರಶ್ನೆ (ಮಾಪುಸಾದಿಂದ, ಮೂಲ ಕುಂದಾಪುರ)

ಅಕ್ಕಾ, ನಾನೂ ಒಂದು ಲೇಔಟ್ ನೋಡಿದ್ದೆ. ಸದ್ಯಕ್ಕೆ ಸೊಸೈಟಿ ಇಲ್ಲ, ರಸ್ತೆ ನೋಡಿಕೊಳ್ಳಲು ಸಣ್ಣ ಮೇಂಟೆನೆನ್ಸ್ ಕರಾರು ಮಾತ್ರ ಅಂತ ಹೇಳಿದರು. ಅದು ಪರವಾಗಿಲ್ಲವಾ?

ಉತ್ತರ

ಆ ಸಣ್ಣ ಕರಾರನ್ನೇ ಪೂರ್ತಿ ಓದಬೇಕು ತಮ್ಮಾ. ಆಸ್ತಿ ಹಸ್ತಾಂತರ ಕಾಯ್ದೆಯ 11ನೇ ಕಲಂ ಒಂದು ಒಳ್ಳೆಯ ಮಾತು ಹೇಳುತ್ತದೆ: ಪೂರ್ಣವಾಗಿ ಮಾರಿದ ಮೇಲೆ “ಹೀಗೇ ಬಳಸಬೇಕು” ಅನ್ನುವ ಷರತ್ತನ್ನು ಕೊಂಡವರು ಲೆಕ್ಕಿಸಬೇಕಿಲ್ಲ. ಆದರೆ ಮಾರಿದವರು ಪಕ್ಕದ ತಮ್ಮದೇ ಇನ್ನೊಂದು ಜಾಗದ ಅನುಕೂಲಕ್ಕಾಗಿ ಹಾಕಿದ ಷರತ್ತು ನಿಲ್ಲುತ್ತದೆ. 40ನೇ ಕಲಂ ಪ್ರಕಾರ ಅಂಥ ನಿರ್ಬಂಧ ಗೊತ್ತಿದ್ದೂ ಕೊಂಡವರ ಮೇಲೂ ಅದನ್ನು ಜಾರಿ ಮಾಡಬಹುದು. ಲೇಔಟ್‌ನಲ್ಲಿ ಉಳಿದ ಪ್ಲಾಟುಗಳು ಇನ್ನೂ ಮಾರಿದವರದ್ದೇ ಆಗಿದ್ದರೆ ಈ ವಾದಕ್ಕೆ ಬಲ ಬರಬಹುದು. ಕ್ರಯಪತ್ರದಲ್ಲಿ “ಮುಂದೆ ರಚನೆಯಾಗುವ ಸಂಘದ ಉಪನಿಯಮಗಳಿಗೆ ಬದ್ಧ” ಅನ್ನುವ ಒಂದು ಸಾಲು ಇದ್ದರೂ ಸಾಕು, ನಾಳೆ ಹಂಚಿನ ಬಣ್ಣದಿಂದ ಹಿಡಿದು ನಾಯಿ ಸಾಕುವವರೆಗೆ ಅವರ ಮಾತು ಕೇಳಬೇಕಾಗಬಹುದು. ವಾಸ್ಕೋದ ಕುಟುಂಬಕ್ಕೆ ಗೇಟಿನ ಲೇಔಟ್ ಬೇಡ ಅಂದದ್ದು ಇದಕ್ಕೇ. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆಗಿದ್ದರೆ ಸಾಮಾನ್ಯವಾಗಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರುತ್ತದೆ, ಅಲ್ಲಿ ಕ್ರಯಪತ್ರದ ಕರಡು ಮೊದಲೇ ಸಿಗುತ್ತದೆ. ಅಡ್ವಾನ್ಸ್ ಕೊಡುವ ಮೊದಲು ತೆಗೆಸಿ ಓದಿ.

ಮರುಪ್ರಶ್ನೆ (ವಾಸ್ಕೋದವರು)

ಹಂಗಾದ್ರ ನಮ್ಮಂಥವ್ರು ಎಂಥಾ ಜಾಗ ಹುಡಕಬೇಕ್ರಿ? ನಾವು ಗೋವಾದವ್ರಲ್ಲ, ನಮಗ ಕೊಳ್ಳಾಕ ಬರತೈತೇನ್ರಿ?

ಉತ್ತರ

ಧಾರಾಳವಾಗಿ ಬರುತ್ತದೆ. ಮನೆ ಕಟ್ಟುವ ಜಾಗ ಭಾರತದ ಯಾವ ಪ್ರಜೆಯೂ ಕೊಳ್ಳಬಹುದು. ಭತ್ತದ ಗದ್ದೆ ಮಾತ್ರ ಬೇಡ: 2023ರ ಕಾಯ್ದೆ ಅದನ್ನು ಕೃಷಿಕರಲ್ಲದವರಿಗೆ ಮಾರುವುದನ್ನು ತಡೆದಿದೆ. ಖಾಜನ್ ಗದ್ದೆಯ, ಅಂದರೆ ಉಬ್ಬರದ ನೀರಿಗೆ ಒಡ್ಡು ಕಟ್ಟಿ ಮಾಡಿದ ತಗ್ಗು ಗದ್ದೆಯ, ಹತ್ತಿರವೂ ಹೋಗಬೇಡಿ.

ನಾನಾಗಿದ್ದರೆ ಕಡಲಿನಿಂದ ಒಂದೆರಡು ಕಿಲೋಮೀಟರ್ ಒಳನಾಡಿನ ಕಡೆಗೆ, ಹಳೆಯ ವಾಡೆಯ (ಊರಿನ ಕೇರಿಯ) ಮನೆಗಳ ನಡುವೆ, ಪ್ರಾದೇಶಿಕ ಯೋಜನೆ 2021ರ ನಕ್ಷೆಯಲ್ಲಿ ಸೆಟಲ್‌ಮೆಂಟ್ (ವಾಸದ ವಲಯ) ಅಂತ ಮೊದಲಿನಿಂದಲೂ ಗುರುತಾದ ಬಿಡಿ ಜಾಗ ಹುಡುಕುತ್ತಿದ್ದೆ. ಸಂಜೆ ಸ್ಕೂಟರಿನಲ್ಲಿ ಮಕ್ಕಳನ್ನು ದಂಡೆಗೆ ಕರೆದೊಯ್ಯಲು ಆ ದೂರ ಏನೂ ಅಲ್ಲ. ಇತ್ತೀಚೆಗೆ ಟೌನ್ ಪ್ಲ್ಯಾನಿಂಗ್ ಕಾಯ್ದೆಯ 17(2), 39ಎ ಕಲಂಗಳ ಕೆಳಗೆ ತೋಟದಿಂದ ಸೆಟಲ್‌ಮೆಂಟ್ ಆದ ಜಾಗ ತೋರಿಸಿದರೆ ಬಿಟ್ಟುಬಿಡಿ, ಅವುಗಳ ಮೇಲೆ ಹೈಕೋರ್ಟಿನಲ್ಲಿ ವ್ಯಾಜ್ಯ ನಡೆದಿದೆ.

ಕಾಗದದಲ್ಲಿ ಮೊದಲು ಫಾರ್ಮ್ 1 ಮತ್ತು 14. ನಮ್ಮ ಉತಾರದ ಹಾಗೆಯೇ. ಒಡೆಯರ ಹೆಸರಿನ ಜೊತೆ ಗೇಣಿದಾರರ ಕಾಲಂ, ಇತರ ಹಕ್ಕುಗಳ ಕಾಲಂ ಖಾಲಿ ಇದೆಯಾ ನೋಡಿ. ಅಲ್ಲಿ ಕೊಮುನಿದಾದ್ ಹೆಸರಿದ್ದರೆ ಅದು ಊರ ಸಮುದಾಯದ ಜಾಗ, ಯಾವನೋ ಒಬ್ಬ ಮಾರಲಾರ. ಈ ಫಾರ್ಮ್ ಒಡೆತನದ ಪತ್ರ ಅಲ್ಲ ಅನ್ನುವುದೂ ನೆನಪಿರಲಿ, ಹಿಂದಿನ ಕ್ರಯಪತ್ರ, ಪೋರ್ಚುಗೀಸ್ ಕಾಲದ ನೋಂದಣಿ, ವಾರಸುದಾರರಲ್ಲಿ ಆಸ್ತಿ ಪಾಲಾದ ಕೋರ್ಟಿನ ಕಾಗದ (ಇನ್ವೆಂಟರಿ) ಎಲ್ಲ ಬೇಕು. ಗೋವಾದಲ್ಲಿ ಮದುವೆಯಾದ ಕೂಡಲೇ ಸಾಮಾನ್ಯವಾಗಿ ಆಸ್ತಿ ಗಂಡ ಹೆಂಡತಿ ಇಬ್ಬರದ್ದೂ ಆಗುತ್ತದೆ. ಹಾಗಾಗಿ ಮಾರುವವರ ಜೊತೆ ಅವರ ಗಂಡ ಅಥವಾ ಹೆಂಡತಿಯ ಸಹಿ ಬೇಕು. ತಂದೆ ತೀರಿಹೋಗಿದ್ದರೆ ಎಲ್ಲ ವಾರಸುದಾರರು, ಅವರವರ ಗಂಡ ಹೆಂಡಿರು, ಲಿಸ್ಬನ್‌ನಲ್ಲಿದ್ದರೂ ಸರಿ. ಒಂದು ಸಹಿ ಬಿಟ್ಟು ಕೊಂಡ ಜಾಗಕ್ಕೆ ನ್ಯಾಯಾಲಯದಲ್ಲಿ ಎಷ್ಟು ವರ್ಷ ನಿಲ್ಲಬೇಕಾಗುತ್ತದೆ ಅನ್ನುವುದನ್ನು ನಾನು ದಿನವೂ ನೋಡುತ್ತೇನೆ.

ಕೃಷಿಯೇತರ ಬಳಕೆಗೆ ಭೂಕಂದಾಯ ಸಂಹಿತೆಯ 32ನೇ ಕಲಂನ ಸನದು (ಬಳಕೆ ಬದಲಿಸುವ ಪರವಾನಗಿ ಪತ್ರ) ಬೇಕು. ದಾರಿ ಸರ್ವೆ ನಕ್ಷೆಯಲ್ಲೂ ಕ್ರಯಪತ್ರದಲ್ಲೂ ಇರಬೇಕು, ಇಲ್ಲದಿದ್ದರೆ ನಿಮ್ಮ ಟೆಂಪೋ ಪಕ್ಕದವರ ಅಂಗಳದಲ್ಲೇ ನಿಲ್ಲುತ್ತದೆ.

ರೊಟ್ಟಿಯ ಕೆಲಸಕ್ಕೆ ಸೊಸೈಟಿ ಇಲ್ಲದಿದ್ದರೂ ಪಂಚಾಯತಿ ಇದೆ. ವ್ಯಾಪಾರಕ್ಕೆ ಅವರ ಪರವಾನಗಿ, ಆಹಾರ ಸುರಕ್ಷತಾ ನೋಂದಣಿ ಎರಡೂ ಮಾಡಿಸಿ. ಮನೆಯ ನಕ್ಷೆಯಲ್ಲೇ ಹಿಂಭಾಗಕ್ಕೆ ಬೇರೆ ಅಡುಗೆಕೋಣೆ ತೋರಿಸಿದರೆ ಪಕ್ಕದವರಿಗೂ ಸಪ್ಪಳ ಕಡಿಮೆ.

ಇನ್ನೊಬ್ಬರು (ಸಿವಿಲ್ ಇಂಜಿನಿಯರ್, ಪೋಂಡಾ)

ಮೇಡಮ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಾವಿ ಇದ್ದರೆ ಮೇ ತಿಂಗಳಲ್ಲಿ ನೀರು ಕುಡಿದು ನೋಡಿ, ಪರೀಕ್ಷೆಗೂ ಕೊಡಿ. ಮಳೆಗಾಲದಲ್ಲಿ ಸಿಹಿಯಾದ ಬಾವಿ ಬೇಸಿಗೆಯಲ್ಲಿ ಉಪ್ಪಾಗಬಹುದು. ಕಟ್ಟುವಾಗ ಕಬ್ಬಿಣದ ಸರಳಿನ ಮೇಲೆ ಕಾಂಕ್ರೀಟು ಸಾಕಷ್ಟು ದಪ್ಪ ಇರಲಿ, ಕಡಲಗಾಳಿಗೆ ತುಕ್ಕು ಬೇಗ. ಗೋಡೆಗೆ ಇಲ್ಲಿಯ ಕೆಂಪುಕಲ್ಲು ಚೆನ್ನಾಗಿರುತ್ತದೆ.

ವಾಸ್ಕೋದವರು

ನದಿ ದಂಡಿ ಜಾಗ ಬಿಟ್ಟೀವ್ರಿ. ಕಾಣಕೋಣದ ಚಾವಡಿ ಪ್ಯಾಟಿಯಿಂದ ಒಳಗ ಒಂದು ಜಾಗ ಐತಿ ಅಂತ ಅವ್ವನ ಗಿರಾಕಿಯೊಬ್ರು ಹೇಳ್ಯಾರ, ಆಯ್ತವಾರ ನೋಡಿ ಬರ್ತೀವಿ.

ಉತ್ತರ

ಹೋದಾಗ ಸರ್ವೆ ನಂಬರ್, ಸಬ್‌ಡಿವಿಷನ್ ನಂಬರ್ ಎರಡನ್ನೂ ಬರೆದುಕೊಂಡು ಬನ್ನಿ. ಪಕ್ಕದ ಎರಡು ಮನೆಯವರನ್ನೂ ದಾರಿ ಯಾರದು ಅಂತ ಕೇಳಿ. ಫಾರ್ಮ್ 1-14 ನೋಡುವ ತನಕ ಟೋಕನ್ ಹಣ ಅಂತ ಏನೂ ಕೊಡಬೇಡಿ.