ಕೊಪ್ಪಳದಲ್ಲಿ ಚಿತ್ರಸಮಾಜ, ಜೊತೆಗೊಂದು ಕಿರುಚಿತ್ರೋತ್ಸವ: ನಡೆಸಿ ಬಲ್ಲವರು ಹೇಳಿ

ಕೇಳುತ್ತಿರುವವರು: ಕೊಪ್ಪಳದ ಕಾಲೇಜು ಉಪನ್ಯಾಸಕಿ

ತಿಂಗಳಿಗೊಮ್ಮೆ ಒಂದು ಒಳ್ಳೆಯ ಸಿನಿಮಾ ತೋರಿಸಿ, ಆಮೇಲೆ ಕುಳಿತು ಮಾತನಾಡುವ ಬಳಗವೊಂದನ್ನು ಕಟ್ಟಲು ನಾವು ಕೆಲವು ಗೆಳೆಯರು ಹೊರಟಿದ್ದೇವೆ. ಈ ಭಾಗದ ಹುಡುಗ ಹುಡುಗಿಯರು ಮೊಬೈಲ್‌ನಲ್ಲಿ ಮಾಡುತ್ತಿರುವ ಕಿರುಚಿತ್ರಗಳಿಗೆ ಎರಡು ದಿನದ ಉತ್ಸವವನ್ನೂ ಮಾಡುವ ಆಸೆಯಿದೆ. ಪ್ರೊಜೆಕ್ಟರ್ ಕಾಲೇಜಿನಿಂದ ಸಿಗುತ್ತದೆ. ಅನುಮತಿ, ಜಾಗ, ಹಣ, ಎಲ್ಲಕ್ಕಿಂತ ಹೆಚ್ಚಾಗಿ ಜನ ಬರುತ್ತಾರೋ ಇಲ್ಲವೋ ಎಂಬ ಅಳುಕಿದೆ. ಬಳ್ಳಾರಿ, ರಾಯಚೂರು ಕಡೆ ಇಂಥ ಕೆಲಸ ಮಾಡಿದವರು ದಯವಿಟ್ಟು ನಿಮ್ಮ ಅನುಭವ ಹಂಚಿಕೊಳ್ಳಿ.

ಬಳ್ಳಾರಿಯಿಂದ, ಚಿತ್ರಸಮಾಜ ನಡೆಸುತ್ತಿರುವ ನಿವೃತ್ತ ಶಿಕ್ಷಕ

ನೋಡಿ ತಂಗಿ, ಉತ್ಸವವನ್ನು ಈ ವರ್ಷ ಬದಿಗಿಡಿ. ಹೀಗೆ ಹೇಳಿದರೆ ಉತ್ಸಾಹ ಕುಗ್ಗಬಹುದು, ಆದರೂ ಹೇಳಲೇಬೇಕು. ಎರಡು ದಿನದ ಉತ್ಸವಕ್ಕೆ ಬರುವ ಜನ ವೇದಿಕೆಗೆ, ಅತಿಥಿಗಳಿಗೆ, ತಮ್ಮ ಮಕ್ಕಳ ಚಿತ್ರಕ್ಕೆ ಬರುತ್ತಾರೆ. ಮೂರನೇ ದಿನ ಯಾರೂ ಇರುವುದಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಬಂದು ಕೂರುವ ನಲವತ್ತು ಜನ ಮೊದಲು ಬೇಕು. ಅವರೇ ಮುಂದೆ ಉತ್ಸವದ ಕಾರ್ಯಕರ್ತರು, ಆಯ್ಕೆಗಾರರು, ನಿಜವಾದ ಪ್ರೇಕ್ಷಕರು. ಹೊಸ ಹುಡುಗನ ಹತ್ತು ನಿಮಿಷದ ಚಿತ್ರವನ್ನು ಗಮನವಿಟ್ಟು ನೋಡುವ ಕಣ್ಣು ಅವರಲ್ಲಿ ಬೆಳೆದಿರುತ್ತದೆ.

ಇದು ದೊಡ್ಡ ಊರಿನ ಚಟುವಟಿಕೆ, ನಮ್ಮಂಥ ಕಡೆ ನಡೆಯುವುದಿಲ್ಲ ಎನ್ನುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಅವರಿಗೆ ಹೆಗ್ಗೋಡನ್ನು ತೋರಿಸಿ. ಮಲೆನಾಡಿನ ಆ ಪುಟ್ಟ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದಲ್ಲಿ ದುಡಿಯುವವರ ಎದುರು ಜಗತ್ತಿನ ದೊಡ್ಡ ನಿರ್ದೇಶಕರ ಚಿತ್ರಗಳು ಓಡಿದವು. ಆಗ ರೀಲು ತರಿಸಬೇಕಿತ್ತು, ಅದನ್ನು ಮರಳಿ ಕಳಿಸಬೇಕಿತ್ತು. ಇಂದು ಆ ಕಷ್ಟ ಯಾವುದೂ ಇಲ್ಲ.

ದಿನ, ಹೊತ್ತು, ಜಾಗ ಈ ಮೂರನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ. ನಮ್ಮಲ್ಲಿ ಜೀನ್ಸ್ ಹೊಲಿಯುವ ಕೆಲಸದವರು ಭಾನುವಾರ ಮಾತ್ರ ಬಿಡುವಾಗುತ್ತಾರೆ, ಆದ್ದರಿಂದ ನಮ್ಮದು ಭಾನುವಾರ ಸಂಜೆ. ನಿಮ್ಮಲ್ಲಿ ಉಕ್ಕಿನ ಕಾರ್ಖಾನೆಗಳ ಪಾಳಿಯಿದೆ, ಸುತ್ತಲಿನ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸಿದೆ. ಅದನ್ನು ವಿಚಾರಿಸಿ ಹೊತ್ತು ಇಟ್ಟುಕೊಳ್ಳಿ. ಚಿತ್ರ, ಮಾತು ಎರಡೂ ಸೇರಿ ಎಂಟೂವರೆಗೆ ಮುಗಿದರೆ ಹೆಣ್ಣುಮಕ್ಕಳು ಬರುತ್ತಾರೆ. ಹತ್ತಕ್ಕೆ ಮುಗಿಯುವ ಪ್ರದರ್ಶನದಲ್ಲಿ ಉಳಿಯುವವರು ಗಂಡಸರು ಮಾತ್ರ. ಬಳಗದ ಗುಣವೇ ಆಗ ಬೇರೆಯಾಗುತ್ತದೆ.

ವೇದಿಕೆ ಕಾರ್ಯಕ್ರಮ ಬೇಡವೇ ಬೇಡ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಅಧ್ಯಕ್ಷೀಯ ಭಾಷಣ ಎಂದು ಒಂದು ತಾಸು ಹೋದರೆ ಚಿತ್ರಕ್ಕೆ ಬಂದವರು ದಣಿದಿರುತ್ತಾರೆ. ಎರಡು ನಿಮಿಷ ಚಿತ್ರದ ಪರಿಚಯ, ದೀಪ ಆರಿಸುವುದು, ಚಿತ್ರ. ಅಷ್ಟೇ.

ಬಳಗ ಬದುಕುವುದು ಚಿತ್ರ ಮುಗಿದ ಮೇಲಿನ ಮಾತಿನಲ್ಲಿ. ಇದನ್ನು ಬೇಕೆಂದೇ ವಿಸ್ತಾರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಯಾರೂ ಇದಕ್ಕೆ ಸಿದ್ಧತೆ ಮಾಡಿಕೊಳ್ಳುವುದಿಲ್ಲ. ಮೊದಲು ಮಾತನಾಡುವವರು ಪ್ರಾಧ್ಯಾಪಕರು ಆಗಬಾರದು. ಅವರು ಮಾತು ಮುಗಿಸಿದ ಮೇಲೆ ಉಳಿದವರಿಗೆ ಬಾಯಿ ಬರುವುದಿಲ್ಲ. "ಈ ಚಿತ್ರದ ಸಂದೇಶವೇನು" ಎಂದೂ ಕೇಳಬೇಡಿ, ಪರೀಕ್ಷೆಯ ಉತ್ತರ ಬರುತ್ತದೆ. "ಕಣ್ಣಿನಲ್ಲಿ ಉಳಿದ ಒಂದು ದೃಶ್ಯ ಹೇಳಿ" ಎಂದು ಕೇಳಿ. ನಮ್ಮಲ್ಲಿ ಒಮ್ಮೆ ಟೈಲರ್ ಒಬ್ಬರು, ಚಿತ್ರದ ತಾಯಿ ದಾರ ಕಚ್ಚಿ ತುಂಡರಿಸುವ ರೀತಿ ನೋಡಿದರೆ ಆಕೆ ಎಂದೂ ಸೂಜಿ ಹಿಡಿದವಳಲ್ಲ ಎಂದರು. ಅಲ್ಲಿಂದ ನಟನೆ ಎಂದರೇನು, ದುಡಿಮೆಯನ್ನು ಪರದೆಯ ಮೇಲೆ ಹೇಗೆ ತೋರಿಸಬೇಕು ಎಂಬ ಚರ್ಚೆ ಹುಟ್ಟಿ ಬಹಳ ಹೊತ್ತು ನಡೆಯಿತು. ಯಾವ ಭಾಷಣಕಾರರಿಂದಲೂ ಅದು ಆಗುತ್ತಿರಲಿಲ್ಲ. ಬಳ್ಳಾರಿಯಲ್ಲಿ ತೆಲುಗು, ಉರ್ದು ಮನೆಮಾತಿನವರು ಬಹಳ. ಅವರವರ ಮಾತಿನಲ್ಲೇ ಹೇಳಲಿ, ಪಕ್ಕದವರು ಕನ್ನಡದಲ್ಲಿ ತಿಳಿಸುತ್ತಾರೆ. ಚಹಾ, ಒಗ್ಗರಣೆ, ಮಿರ್ಚಿ ಇದ್ದರೆ ಜನ ಎದ್ದು ಹೋಗುವುದಿಲ್ಲ. ಅದರ ಖರ್ಚನ್ನು ಸದಸ್ಯತ್ವದ ಹಣದಿಂದಲೇ ಕೊಡಿ.

ರಾಯಚೂರಿನಿಂದ, ಧ್ವನಿ ಮತ್ತು ಪ್ರೊಜೆಕ್ಟರ್ ಕೆಲಸದವರು

ಮೇಡಂ, ಬಳ್ಳಾರಿಯ ಗುರುಗಳ ಮಾತು ಒಪ್ಪುತ್ತೇನೆ. ನನ್ನದು ಯಂತ್ರದ ಕೆಲಸ, ಅದನ್ನಷ್ಟೇ ಹೇಳುತ್ತೇನೆ.

ಕಾಲೇಜಿನ ಪ್ರೊಜೆಕ್ಟರ್ ಪಾಠದ ಸ್ಲೈಡಿಗೆ ಸಾಕು, ಸಿನಿಮಾದ ಕತ್ತಲ ದೃಶ್ಯಕ್ಕೆ ಸಾಲದೆ ಹೋಗಬಹುದು. ಹತ್ತು ಅಡಿ ಅಗಲದ ಪರದೆಗೆ ಮೂರು ಸಾವಿರ ಲ್ಯೂಮೆನ್‌ಗಿಂತ ಕಡಿಮೆ ಬೆಳಕಿನದು ಬೇಡ, ಅದೂ ಕೋಣೆ ಪೂರ್ತಿ ಕತ್ತಲಾಗಿದ್ದರೆ. ನಮ್ಮ ಕಡೆ ಸಂಜೆ ಆರರವರೆಗೂ ಬಿಸಿಲು ಕಿಟಕಿಯಿಂದ ನುಗ್ಗುತ್ತದೆ. ಹೊಸ ಪ್ರೊಜೆಕ್ಟರಿಗೆ ಹಣ ಹಾಕುವ ಮೊದಲು ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಹಾಕಿಸಿ. ಸಾಮಾನ್ಯ ಲೆನ್ಸ್‌ನಲ್ಲಿ ಪರದೆಯ ಅಗಲದ ಒಂದೂವರೆ ಪಟ್ಟು ದೂರ ಬೇಕು. ಹತ್ತು ಅಡಿಗೆ ಹದಿನೈದು ಅಡಿ ಎಂದು ಲೆಕ್ಕ ಹಾಕಿ ಮೇಜಿನ ಜಾಗ ಗುರುತು ಮಾಡಿಕೊಳ್ಳಿ.

ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಸಮುದಾಯ ಭವನಗಳಲ್ಲಿ ಟೈಲ್ಸ್ ನೆಲ, ಬರಿಯ ಗೋಡೆ, ಪ್ರತಿಧ್ವನಿಗೆ ಮಿತಿಯಿಲ್ಲ. ಮದುವೆಯ ಮೈಕ್‌ಸೆಟ್ ತಂದು ಜೋರು ಮಾಡಿದರೆ ಅದು ಇನ್ನಷ್ಟು ಕೆಡುತ್ತದೆ. ನೆಲಕ್ಕೆ ದಪ್ಪ ಜಮಖಾನೆ ಹಾಸಿ, ಹಿಂದಿನ ಗೋಡೆಗೆ ಹಳೆಯ ಕೌದಿ ಅಥವಾ ಪರದೆ ಬಿಡಿ, ಎರಡು ಸ್ಪೀಕರುಗಳನ್ನು ಪರದೆಯ ಎರಡೂ ಬದಿ ಕಿವಿಯ ಎತ್ತರಕ್ಕಿಂತ ಸ್ವಲ್ಪ ಮೇಲೆ ಇಡಿ. ಧ್ವನಿ ಕಡಿಮೆ ಇಟ್ಟರೂ ಮಾತು ಸ್ಪಷ್ಟವಾಗುತ್ತದೆ.

ಕರೆಂಟ್ ಹೋಗುತ್ತದೆ ಎಂದೇ ತಿಳಿದು ಸಿದ್ಧರಾಗಿ. ಹಳೆಯ ಬಲ್ಬಿನ ಪ್ರೊಜೆಕ್ಟರ್ ತಣ್ಣಗಾಗದೆ ದಿಢೀರ್ ಆರಿದರೆ ಬಲ್ಬಿನ ಆಯುಸ್ಸು ಕಡಿಮೆಯಾಗುತ್ತದೆ. ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಸೇರಿ ಒಂದು ಯುಪಿಎಸ್ ಬೇಕು.

ಉತ್ಸವ ಮಾಡುವಾಗ ಕಡತಗಳ ಗೋಳು ಬೇರೆ. ಎಲ್ಲರಿಗೂ ಒಂದೇ ರೂಪ ಹೇಳಿ: ಎಂಪಿ4, ಎಚ್.264, 1920 × 1080. ಪೆನ್‌ಡ್ರೈವ್ ಎಫ್ಎಟಿ32 ರೂಪದಲ್ಲಿದ್ದರೆ 4 ಜಿಬಿ ದಾಟಿದ ಕಡತ ಅದರಲ್ಲಿ ಕೂರುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಲು ತಿಳಿಸಿ. ಕನ್ನಡ ಉಪಶೀರ್ಷಿಕೆಯನ್ನು ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರದಲ್ಲಿ ಬರೆದು ತಂದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಓಡುತ್ತವೆ. ಯುನಿಕೋಡ್‌ನಲ್ಲೇ ಬರೆದು, ಚಿತ್ರದೊಳಗೇ ಅಚ್ಚೊತ್ತಿ ಕೊಡಲಿ. ಒಂದು ಚಿತ್ರ ಪಿಸುಗುಟ್ಟುತ್ತದೆ, ಮುಂದಿನದು ಕಿರುಚುತ್ತದೆ. ಹಿಂದಿನ ದಿನ ಎಲ್ಲವನ್ನೂ ಅದೇ ಭವನದಲ್ಲಿ ಹಾಕಿ ನೋಡಿ, ಪ್ರತಿ ಚಿತ್ರದ ಧ್ವನಿಮಟ್ಟವನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಬಳ್ಳಾರಿಯಿಂದ, ವಕೀಲರು

ಕಾನೂನಿನ ಬಗೆಗೆ ಚಿಕ್ಕದಾಗಿ. ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ನೋಂದಣಿ ಮಾಡಿಸಬಹುದು. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕಾದರೆ ಇದು ಬೇಕು. ಆಮೇಲೆ ಪ್ರತಿ ವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದನ್ನು ಬಿಡಬೇಡಿ. 1959ರಲ್ಲಿ ಸತ್ಯಜಿತ್ ರೇ ಅವರ ಅಧ್ಯಕ್ಷತೆಯಲ್ಲಿ ಹುಟ್ಟಿದ ಭಾರತೀಯ ಫಿಲ್ಮ್ ಸೊಸೈಟಿಗಳ ಒಕ್ಕೂಟ ಇಂದಿಗೂ ಇದೆ, ಸದಸ್ಯತ್ವಕ್ಕೆ ಬರೆಯಿರಿ.

ಮನೆಯ ಓಟಿಟಿ ಚಂದಾದಿಂದ ಸಾರ್ವಜನಿಕ ಪ್ರದರ್ಶನ ಮಾಡುವಂತಿಲ್ಲ. ಟಿಕೆಟ್ ಇಲ್ಲ ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ನಿರ್ಮಾಪಕರಿಂದ ಅಥವಾ ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸಣ್ಣ ನಿರ್ಮಾಪಕರು, ಸಾಕ್ಷ್ಯಚಿತ್ರ ಮಾಡುವವರು ಕೇಳಿದರೆ ಸಾಮಾನ್ಯವಾಗಿ ಸಂತೋಷದಿಂದ ಕೊಡುತ್ತಾರೆ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮೇಲೆ 60 ವರ್ಷ. ಅದು ಕಳೆದ ಹಳೆಯ ಭಾರತೀಯ ಚಿತ್ರಗಳಿಂದ ಶುರುಮಾಡುವುದು ಒಳ್ಳೆಯ ದಾರಿ.

ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಹೊಸ ಹುಡುಗರ ಕಿರುಚಿತ್ರಕ್ಕೆ ಅದು ಇರುವುದಿಲ್ಲ. ಉತ್ಸವಗಳಿಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ಕೊಡುತ್ತದೆ. ಚಿತ್ರಗಳ ಪಟ್ಟಿ, ಸಾರಾಂಶ ಸಹಿತ ಸಾಕಷ್ಟು ಮೊದಲೇ ಅರ್ಜಿ ಹಾಕಬೇಕು. ಆ ಪ್ರದರ್ಶನ ಹೆಸರು ನೋಂದಾಯಿಸಿದ ಪ್ರತಿನಿಧಿಗಳಿಗಾಗಿ ಇರುತ್ತದೆ, ಆದ್ದರಿಂದ ನೋಂದಣಿ ಪುಸ್ತಕ ಅಚ್ಚುಕಟ್ಟಾಗಿರಲಿ. ಬಯಲಿನಲ್ಲಿ ತೋರಿಸುವುದಾದರೆ ಪೊಲೀಸ್ ಅನುಮತಿ ಬೇಕು, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ.

ಸಿಂಧನೂರಿನಿಂದ, ಕಿರುಚಿತ್ರ ಮಾಡುವ ಹುಡುಗ

ಅಕ್ಕಾ, ನಾನು ಚಿತ್ರ ಕಳಿಸುವವರ ಕಡೆಯಿಂದ ಬರೆಯುತ್ತಿದ್ದೇನೆ. ಪ್ರವೇಶ ಶುಲ್ಕ ಇಡಬೇಡಿ. ಪರ ಊರಿನ ಉತ್ಸವಗಳಿಗೆ ಶುಲ್ಕ ಕಟ್ಟಿ, ಚಿತ್ರವನ್ನು ಯಾರಾದರೂ ನೋಡಿದರೋ ಇಲ್ಲವೋ ಎಂದೂ ತಿಳಿಯದೆ ಸುಮ್ಮನಾದವರು ನಮ್ಮಲ್ಲಿ ಬಹಳ ಇದ್ದಾರೆ. ಆಯ್ಕೆಯಾಗದ ಚಿತ್ರಕ್ಕೂ ಎರಡು ಸಾಲು ಬರೆದು ಕಳಿಸಿ: ಎಲ್ಲಿ ಚೆನ್ನಾಗಿತ್ತು, ಎಲ್ಲಿ ಕಾಲೆಳೆಯಿತು. ಕೇಳುವುದಾದರೆ ನಮಗೆ ಪದಕಕ್ಕಿಂತ ಅದೇ ಬೇಕು.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಚಿತ್ರಗಳಿಗೇ ಉತ್ಸವ ಮೀಸಲಿರಲಿ ಎಂಬುದು ನನ್ನ ಬಲವಾದ ಆಸೆ. ಬೆಂಗಳೂರಿನಿಂದ ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಬಂದರೆ ಮೊಬೈಲ್‌ನಲ್ಲಿ ತೆಗೆದ ನಮ್ಮವು ಮೂಲೆ ಸೇರುತ್ತವೆ. ಇಲ್ಲಿ ಕಥೆಗೆ ಬರವಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ಕೊನೆಯ ರೈತ ಆ ರಾತ್ರಿಗಳನ್ನು ಹೇಗೆ ಕಳೆದ ಎಂಬುದನ್ನು ನಾವು ಹೇಳದೆ ಯಾರು ಹೇಳಬೇಕು? ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ, ಭತ್ತದ ಗದ್ದೆಯ ಕೂಲಿ ಹೆಂಗಸರು ಪರದೆಗೆ ಬಂದಿರುವುದು ಕಡಿಮೆ.

ಉತ್ಸವಕ್ಕೆ ಮೂರು ತಿಂಗಳು ಮೊದಲು ಒಂದು ದಿನದ ಕಾರ್ಯಾಗಾರ ಮಾಡಿ, ಅದರಲ್ಲಿ ಧ್ವನಿಯನ್ನು ಮಾತ್ರ ಕಲಿಸಿದರೂ ಸಾಕು. ನಮ್ಮ ಚಿತ್ರಗಳು ಕೆಡುವುದು ಗಾಳಿಯ ಸದ್ದಿನಿಂದ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ನಾಲ್ಕಾರು ಕೊಂಡು ಬಳಗದ ಹೆಸರಿನಲ್ಲಿ ಇಟ್ಟರೆ, ಸರದಿಯ ಮೇಲೆ ಒಯ್ಯುತ್ತೇವೆ. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕುವ ಚಾಳಿಯನ್ನೂ ಅಂದೇ ಬಿಡಿಸಿ, ಅದರಿಂದ ಚಿತ್ರ ಮುಂದೆ ಎಲ್ಲೂ ಹೋಗಲಾರದು. ಊರಿನ ತತ್ವಪದದವರನ್ನು ಕೇಳಿ, ಸಂಭಾವನೆ ಕೊಟ್ಟು, ಒಪ್ಪಿಗೆ ಬರೆಸಿಕೊಂಡು ಧ್ವನಿಮುದ್ರಿಸಿದರೆ ಚಿತ್ರಕ್ಕೆ ಅದರದೇ ದನಿ ಬರುತ್ತದೆ.

ಮತ್ತೆ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಒಂದು ವರ್ಷ ಬಳಗವನ್ನಷ್ಟೇ ನಡೆಸುವುದೆಂದು ಗೆಳೆಯರೊಂದಿಗೆ ಮಾತನಾಡಿದೆ, ಒಪ್ಪಿದ್ದಾರೆ. ಉತ್ಸವಕ್ಕೆ ಯಾವ ತಿಂಗಳು ಒಳ್ಳೆಯದು? ಹಣಕ್ಕೆ ಪ್ರಾಯೋಜಕರನ್ನು ಹಿಡಿಯಬೇಕೇ?

ಗಂಗಾವತಿಯಿಂದ, ರಂಗಭೂಮಿಯ ಹಳೆಯ ಕಾರ್ಯಕರ್ತೆ

ನವೆಂಬರ್, ಡಿಸೆಂಬರ್ ಬೇಡಮ್ಮಾ, ಭತ್ತದ ಕಟಾವಿನ ಕಾಲ, ಹಳ್ಳಿಯಿಂದ ಒಂದು ನರಪಿಳ್ಳೆಯೂ ಬರುವುದಿಲ್ಲ. ಜನವರಿಯಲ್ಲಿ ನಿಮ್ಮಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಊರಿಗೆ ಊರೇ ಮಠದ ಕಡೆ ಇರುವಾಗ ಕೋಣೆ, ಶಾಮಿಯಾನ, ಮೈಕು ಯಾವುದೂ ಸಿಗದು. ಮಾರ್ಚ್ ಪರೀಕ್ಷೆ, ಏಪ್ರಿಲ್‌ನಿಂದ ಬಿಸಿಲು. ಉಳಿದದ್ದು ಫೆಬ್ರುವರಿಯ ಮೊದಲೆರಡು ವಾರ. ಸಾಹಿತ್ಯ ಭವನವನ್ನು ಈಗಲೇ ಕೇಳಿಡಿ.

ಒಬ್ಬನೇ ದೊಡ್ಡ ಪ್ರಾಯೋಜಕನಿಗೆ ಒಪ್ಪಬೇಡಿ. ಹಣ ಕೊಟ್ಟವರು ಯಾವ ಚಿತ್ರ ಬೇಡ ಎಂದೂ ಹೇಳತೊಡಗುತ್ತಾರೆ. ಕಾರ್ಖಾನೆಯ ದೂಳಿನ ಬಗ್ಗೆ ಚಿತ್ರ ಬಂದರೆ ಏನು ಮಾಡುತ್ತೀರಿ? ಕಿರಾಣಿ ಅಂಗಡಿಯವರು, ಔಷಧ ಅಂಗಡಿಯವರು, ಶಿಕ್ಷಕರು ಐನೂರು, ಸಾವಿರ ಕೊಡಲಿ. ಅವರು ಬಂದು ಕುಳಿತು ನೋಡುತ್ತಾರೆ ಕೂಡ. ಬಹುಮಾನದ ಹಣ ಕಡಿಮೆ ಮಾಡಿ, ಬೀದರಿನಿಂದ ಬರುವ ಹುಡುಗಿಗೆ ಬಸ್ಸಿನ ಖರ್ಚು, ಸುರಕ್ಷಿತವಾದ ವಸತಿ ಕೊಡಿ. ಸ್ಮರಣಿಕೆಗೆ ಪ್ಲಾಸ್ಟಿಕ್ ಫಲಕ ತರಿಸುವುದರ ಬದಲು ನಿಮ್ಮ ಪಕ್ಕದ ಕಿನ್ನಾಳದಲ್ಲಿ ಕಟ್ಟಿಗೆ ಗೊಂಬೆ ಮಾಡಿಸಿ. ಗೊಂಬೆ ಮಾಡುವ ಚಿತ್ರಗಾರರ ಮನೆಗೆ ಹೋಗಿ ಎರಡು ತಿಂಗಳು ಮೊದಲೇ ಹೇಳಬೇಕು, ಬಣ್ಣ ಒಣಗಲು ಸಮಯ ಬೇಕು.

ಇನ್ನೊಂದು ಆಸೆ ಹೇಳುತ್ತೇನೆ. ತೊಗಲುಗೊಂಬೆಯಾಟದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಅವರ ಊರು ನಿಮ್ಮ ಜಿಲ್ಲೆಯ ಮೋರನಾಳ. ಬೆಳಕು, ಪರದೆ, ಅದರ ಮೇಲೆ ಓಡಾಡುವ ಆಕೃತಿ, ಹಿಂದಿನಿಂದ ಬರುವ ದನಿ: ನಮ್ಮ ನೆಲದಲ್ಲಿ ಸಿನಿಮಾಕ್ಕೂ ಮೊದಲೇ ಇದ್ದದ್ದು ಇದು. ಉತ್ಸವದ ಮೊದಲ ಸಂಜೆ ಉದ್ಘಾಟನೆ, ಭಾಷಣ ತೆಗೆದುಹಾಕಿ, ಈ ಭಾಗದ ಯಾವುದಾದರೂ ಒಂದು ಮೇಳದ ಆಟ ಆಡಿಸಿ, ಸರಿಯಾದ ಸಂಭಾವನೆ ಕೊಟ್ಟು. ಆಟ ಮುಗಿದ ಮೇಲೆ ಕಿರುಚಿತ್ರದ ಹುಡುಗರನ್ನು ಪರದೆಯ ಹಿಂದಕ್ಕೆ ಕಳಿಸಿ. ದೀಪವನ್ನು ಎಷ್ಟು ದೂರ ಇಟ್ಟರೆ ಗೊಂಬೆ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಮೇಳದವರೇ ತೋರಿಸಲಿ. ಮಕ್ಕಳು ಬಂದಿದ್ದರೆ ಅವರಿಗೂ ಒಂದೊಂದು ಗೊಂಬೆ ಹಿಡಿಯಲು ಕೊಡಲು ಕೇಳಿ, ಹೆಚ್ಚಿನವರು ಒಪ್ಪುತ್ತಾರೆ.

ಮೊದಲ ಪ್ರದರ್ಶನ ಯಾವ ಭಾನುವಾರ ಎಂದು ತಿಳಿಸಿ. ನಾವು ನಾಲ್ಕೈದು ಜನ ಗಂಗಾವತಿಯಿಂದ ಬರುತ್ತೇವೆ.