‘ಸ್ಲರಿ’ಗೆ ಯಾವ ಪದ? ಕೆಸರೇ, ರಾಡಿಯೇ, ಬಗ್ಗಡವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಸಿಮೆಂಟ್ ಉದ್ಯಮದಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಕೆಲಸಗಾರರಿಗಾಗಿ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಾವ ಕೆಲಸಕ್ಕೆ ಯಾವ ಪಂಪನ್ನು ಆರಿಸಬೇಕು ಎಂಬುದು ಅದರ ಮುಖ್ಯ ಅಧ್ಯಾಯ. ತಲೆಬರಹದ ಮೊದಲ ಪದದಲ್ಲೇ ನಿಂತುಬಿಟ್ಟಿದ್ದೇನೆ: ಸ್ಲರಿ. ಹಿಂದೆ ಯಾರೋ ಮಾಡಿದ ಅನುವಾದದಲ್ಲಿ ‘ಕೆಸರು ಪಂಪ್’ ಎಂದಿದೆ. ಅದನ್ನು ಓದಿದ ಉಗ್ರಾಣದವರು ಮಳೆಗಾಲದಲ್ಲಿ ಗುಂಡಿಯ ನೀರೆತ್ತುವಂಥ ಪಂಪನ್ನು ತರಿಸಿದರು. ಕೆಲವೇ ವಾರಗಳಲ್ಲಿ ಅದರ ಒಳಭಾಗವೆಲ್ಲ ಸವೆದುಹೋಯಿತು. ಅವರದೇನೂ ತಪ್ಪಿಲ್ಲ. ಕೆಸರು ಎಂದರೆ ನಮಗೆ ಕಣ್ಣಿಗೆ ಬರುವುದು ದಾರಿಯ ಕೆಸರು, ಗದ್ದೆಯ ಕೆಸರು. ಅದು ತಾನಾಗಿ ಆದದ್ದು. ಸಿಮೆಂಟಿನ ಸ್ಲರಿ ಹಾಗಲ್ಲ, ಕಲ್ಲು ಮಣ್ಣನ್ನು ಬೇಕೆಂದೇ ಅರೆದು, ಅಳತೆಯ ನೀರು ಬೆರೆಸಿ, ಒಂದು ಹದಕ್ಕೆ ತಂದಿರುತ್ತಾರೆ.

ವಿಷಯ ಪರಿಚಯವಿಲ್ಲದವರಿಗೆ ಎರಡು ಮಾತು. ಸಿಮೆಂಟಿನ ಹಸಿ ವಿಧಾನದಲ್ಲಿ ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ನೀರಿನೊಡನೆ ನುಣ್ಣಗೆ ಅರೆದು, ಆ ದ್ರವವನ್ನು ಪಂಪಿನಿಂದ ತಿರುಗುಗೂಡಿಗೆ (ಅದನ್ನು ಸುಡುವ, ತಿರುಗುವ ಕುಲುಮೆಗೆ) ಕಳುಹಿಸುತ್ತಾರೆ. ಅದರ ತೂಕದಲ್ಲಿ ಶೇ 30ರಿಂದ 40ರಷ್ಟು ನೀರು. ಅಷ್ಟು ನೀರನ್ನು ಆವಿ ಮಾಡುವುದಕ್ಕೇ ಇಂಧನ ಸುರಿಯಬೇಕಾದ್ದರಿಂದ ಭಾರತದ ಕಾರ್ಖಾನೆಗಳು ಬಹುಪಾಲು ಒಣ ವಿಧಾನಕ್ಕೆ ಹೊರಳಿವೆ. ಆದರೂ ಪದದ ಅಗತ್ಯ ತೀರಿಲ್ಲ. ಸುಣ್ಣಕಲ್ಲಿನ ಗಣಿಯ ತಳದಲ್ಲಿ ನಿಲ್ಲುವ ಕಲ್ಲುಪುಡಿಯ ನೀರು, ಸಿಮೆಂಟ್ ಶೀಟು ಮಾಡುವ ಘಟಕ, ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆಯನ್ನು ತೊಳೆಯುವ ಸುಣ್ಣಕಲ್ಲಿನ ದ್ರವ, ಎಲ್ಲ ಕಡೆಯೂ ಇಂಥ ಪಂಪು ಬೇಕು. ಹೊಗೆ ತೊಳೆದಾಗ ಹುಟ್ಟುವ ಜಿಪ್ಸಂ ಮತ್ತೆ ಸಿಮೆಂಟಿಗೇ ಬರುತ್ತದೆ.

ಈಗ ಪದಗಳು. ಕಲಬುರಗಿಯ ಕಡೆ ಕೆಸರಿಗೆ ‘ರಾಡಿ’ ಎನ್ನುವುದು ಸಹಜ. ಶಹಾಬಾದು, ವಾಡಿ, ಸೇಡಂಗಳ ಸುಣ್ಣಕಲ್ಲಿನ ಸೀಮೆಯವರಿಗೆ ಅದೇ ಹತ್ತಿರದ ಮಾತು. ಆದರೆ ರಾಡಿಯಲ್ಲಿ ಹೊಲಸಿನ ಛಾಯೆಯಿದೆ. ‘ಪಂಕ’, ‘ಕರ್ದಮ’ ಪುಸ್ತಕದಲ್ಲೇ ಉಳಿಯುತ್ತವೆ. ‘ಗಾರೆ’, ‘ಗಿಲಾಯಿ’ಗಳು ಗೋಡೆಗೆ ಅಂಟಿಕೊಂಡಿವೆ, ಕೊಳವೆಯಲ್ಲಿ ಹರಿಯಲಾರವು. ನನ್ನ ಮನಸ್ಸು ‘ಬಗ್ಗಡ’ದತ್ತ ವಾಲಿದೆ. ಗೋಬರ್ ಗ್ಯಾಸ್ ಗುಂಡಿಯಿಂದ ಹೊರಬರುವುದನ್ನು ನಮ್ಮ ರೈತರು ಬಗ್ಗಡ ಎನ್ನುತ್ತಾರೆ, ಸಗಣಿಯನ್ನು ನೀರಿಗೆ ಕದಡಿದರೂ ಬಗ್ಗಡವೇ. ನುಣ್ಣನೆಯ ಕಣ ನೀರಿನಲ್ಲಿ ತೇಲಿಕೊಂಡೇ ಇದೆ, ಇನ್ನೂ ತಂಗಿಲ್ಲ ಎಂಬ ಅರ್ಥ ಆ ಪದದಲ್ಲೇ ಇದೆ. ತಂಗಿದರೆ ಅದು ‘ಗಸಿ’.

ಈ ವ್ಯತ್ಯಾಸ ನನಗೆ ಬಹಳ ಮುಖ್ಯ. ಪಂಪು ಆರಿಸುವ ಎಂಜಿನಿಯರರು ಮೊದಲು ಕೇಳುವುದೇ ಇದನ್ನು: ಈ ದ್ರವ ಬೇಗ ತಂಗುವುದೋ, ತಂಗದೆ ನಿಲ್ಲುವುದೋ? ನುಣ್ಣಗೆ ಅರೆದ ಸಿಮೆಂಟ್ ಬಗ್ಗಡ ದೋಸೆಹಿಟ್ಟಿನಂತೆ ಬಹಳ ಹೊತ್ತು ಒಂದೇ ಸಮನಾಗಿರುತ್ತದೆ. ಗಣಿನೀರಿನ ಮರಳು ಹರಿವು ನಿಧಾನವಾದ ಕೂಡಲೇ ಕೊಳವೆಯ ತಳ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರಿಟ್ಟು ಮುಂದೆ ವಿಶೇಷಣ ಸೇರಿಸುತ್ತಾರೆ. ನಾನು ‘ತಂಗುವ ಬಗ್ಗಡ’, ‘ತಂಗದ ಬಗ್ಗಡ’ ಎಂದು ಬರೆದಿದ್ದೇನೆ. ‘ಅವಸಾದನಶೀಲ’ ಎಂದು ಬರೆಯಲು ಕೈ ಬರಲಿಲ್ಲ.

ಇನ್ನು ‘ಎಫಿಶಿಯೆನ್ಸಿ’. ಇದಕ್ಕೆ ಪತ್ರಿಕೆಗಳಲ್ಲಿ ಒಮ್ಮೆ ದಕ್ಷತೆ, ಇನ್ನೊಮ್ಮೆ ಸಾಮರ್ಥ್ಯ ಎಂದು ಬರುತ್ತದೆ. ಇಲ್ಲಿ ನಾನು ಬಿಗಿಯಾಗಿ ವಾದಿಸುತ್ತೇನೆ: ಸಾಮರ್ಥ್ಯ ಬೇಡವೇ ಬೇಡ. ‘ಹೆಚ್ಚು ಸಾಮರ್ಥ್ಯದ ಪಂಪನ್ನು ಆರಿಸಿ’ ಎಂದು ಬರೆದರೆ ಓದುವವರು ದೊಡ್ಡ ಪಂಪನ್ನು ತರುತ್ತಾರೆ. ಅಗತ್ಯಕ್ಕಿಂತ ದೊಡ್ಡದಾದ ಪಂಪು, ವಾಲ್ವು ಬಿಗಿಹಿಡಿದು ಓಡಿಸಿದಾಗ, ತನ್ನ ಅತ್ಯುತ್ತಮ ದಕ್ಷತೆಯ ಬಿಂದುವಿನಿಂದ ದೂರ ಸರಿಯುತ್ತದೆ. ವಿದ್ಯುತ್ತೂ ವ್ಯರ್ಥ, ಸವೆತವೂ ಹೆಚ್ಚು. ಬಗ್ಗಡದ ಪಂಪಿನಲ್ಲಿ ಕಣಗಳು ಸಿಕ್ಕಿಕೊಳ್ಳದೆ ಸಾಗಲೆಂದು ದಾರಿಯನ್ನು ಅಗಲವಾಗಿ, ಇಂಪೆಲ್ಲರಿನ (ಪಂಪಿನೊಳಗೆ ತಿರುಗುವ ಚಕ್ರದ) ಎಲೆಗಳನ್ನು ದಪ್ಪವಾಗಿ, ಸಂಖ್ಯೆಯಲ್ಲಿ ಕಡಿಮೆಯಾಗಿ ಮಾಡಿರುತ್ತಾರೆ. ಆದ್ದರಿಂದ ತಿಳಿನೀರಿನ ಪಂಪಿನ ದಕ್ಷತೆಯನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಶೇ 40ರಷ್ಟು ನೀರಿರುವ ಸುಣ್ಣಕಲ್ಲಿನ ಬಗ್ಗಡ ಲೀಟರಿಗೆ ಸುಮಾರು 1.6 ಕಿಲೋ ತೂಗುತ್ತದೆ. ಅಷ್ಟೇ ಹರಿವಿಗೆ, ಅಷ್ಟೇ ಹೆಡ್ಡಿಗೆ ಮೋಟಾರು ನೀರಿಗಿಂತ ಒಂದೂವರೆ ಪಟ್ಟಿಗೂ ಮೀರಿದ ಶಕ್ತಿ ಕೊಡಬೇಕು. ಮೋಟಾರಿಗೆ ಸಾಮರ್ಥ್ಯ, ಪಂಪಿಗೆ ದಕ್ಷತೆ ಎಂದು ಬೇರ್ಪಡಿಸದೆ ಈ ಒಂದು ವಾಕ್ಯವನ್ನೂ ಬರೆಯಲಾಗದು. (ದ್ರವವನ್ನು ಎಷ್ಟು ಮೇಲಕ್ಕೆತ್ತಬೇಕು ಎಂಬುದಕ್ಕೆ ಕೊಳವೆಯ ಘರ್ಷಣೆಯನ್ನೂ ಸೇರಿಸಿದ ಲೆಕ್ಕವೇ ಹೆಡ್. ಅದನ್ನು ಹಾಗೆಯೇ ಇಟ್ಟಿದ್ದೇನೆ. ಕೊಳವೆಬಾವಿಯ ರೈತರೆಲ್ಲರ ಬಾಯಲ್ಲಿ ಅದಿದೆ. ‘ಎತ್ತರ’ ಎಂದರೆ ಕೊಳವೆಯ ಘರ್ಷಣೆಯ ಲೆಕ್ಕ ಬಿಟ್ಟುಹೋಗುತ್ತದೆ.)

ಕೊನೆಯದು ‘ಲೈನರ್’, ಪಂಪಿನ ಒಳಮೈಯನ್ನು ಸವೆತದಿಂದ ಕಾಯುವ ಪದರ. ಹಳೆಯ ಅನುವಾದದಲ್ಲಿ ‘ಒಳಲೇಪ’ ಎಂದಿದೆ. ಲೇಪ ಬಳಿಯುವಂಥದ್ದು, ಇದು ಸವೆದಾಗ ಬಿಚ್ಚಿ ಬದಲಾಯಿಸುವ ಬಿಡಿಭಾಗ. ಕಣ ನುಣ್ಣಗಿದ್ದರೆ ರಬ್ಬರಿನದು, ದಪ್ಪವಾಗಿ ಚೂಪಾಗಿದ್ದರೆ ಕ್ರೋಮಿಯಂ ಹೆಚ್ಚಿರುವ ಎರಕದ ಕಬ್ಬಿಣದ್ದು. ಎಣ್ಣೆ ಸೇರುವ ಕಡೆ ನೈಸರ್ಗಿಕ ರಬ್ಬರು ಆಗದು. ದರ್ಜಿಗಳು ಬಟ್ಟೆಯ ಒಳಪದರಕ್ಕೆ ಹೇಳುವ ‘ಅಸ್ತರು’ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ! ‘ರಬ್ಬರ್ ಅಸ್ತರು ಸವೆದಿದೆ, ಬದಲಾಯಿಸಿ’ ಎಂದರೆ ಎರಡನೆಯ ಬಾರಿ ವಿವರಿಸಬೇಕಿಲ್ಲ.

ನನ್ನ ಪ್ರಶ್ನೆಗಳು ಇವು. ಸುಣ್ಣಕಲ್ಲಿನ ಗಣಿ, ಕಲ್ಲು ಕೊಯ್ಯುವ ಕಾರ್ಖಾನೆಗಳ ಸುತ್ತ ಬೆಳೆದವರು ಯಂತ್ರದಿಂದ ಹರಿದುಬರುವ ಆ ಬೂದುಬಣ್ಣದ ನೀರಿಗೆ ಏನೆನ್ನುತ್ತೀರಿ? ಬಗ್ಗಡ ಎಂಬ ಪದ ಬೀದರ, ಕಲಬುರಗಿ, ರಾಯಚೂರು ಕಡೆಯ ಓದುಗರಿಗೆ ತಕ್ಷಣ ಅರ್ಥವಾಗುತ್ತದೆಯೇ, ಅಥವಾ ಸಗಣಿಯ ನೆನಪೇ ಮುಂದೆ ಬರುತ್ತದೆಯೇ? ಹಾಗಾಗುವುದಾದರೆ ‘ಸ್ಲರಿ’ಯನ್ನೇ ಉಳಿಸಿ, ಮೊದಲ ಪುಟದಲ್ಲಿ ‘ಕಲ್ಲುಹಿಟ್ಟಿನ ಬಗ್ಗಡ’ ಎಂದು ಒಮ್ಮೆ ಬಿಡಿಸಿ ಹೇಳುತ್ತೇನೆ. ಕರಡು ಮುಂದಿನ ವಾರ ಅಚ್ಚಿಗೆ ಹೋಗಬೇಕಿದೆ.